ದಂತಾರೋಗ್ಯ ಬೋಧನೆಯೂ ಕೃತಕ ಬುದ್ಧಿಮತ್ತೆಯೂ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಊಟಕ್ಕೂ ಮಾತಿಗೂ ಬಾಯಿಯೇ ಹೆಬ್ಬಾಗಿಲು. ಆ ಬಾಗಿಲಿಗೆ ಹಲ್ಲುಗಳೇ ಕಾವಲು. ತವರ್ಗದ ಅಕ್ಷರಗಳನ್ನು ವೈಯಾಕರಣರು ದಂತ್ಯಗಳೆಂದು ಕರೆದಿರುವುದು ಸುಮ್ಮನೆ ಅಲ್ಲ. ಮುಂದಿನ ಹಲ್ಲು ಬಿದ್ದ ಮಗುವಿನ ಬಾಯಲ್ಲಿ ಸಕಾರವು ಹೇಗೆ ಸೋರಿಹೋಗುವುದೆಂಬುದನ್ನು ಒಂದನೆಯ ತರಗತಿಯ ಉಪಾಧ್ಯಾಯರೆಲ್ಲರೂ ಬಲ್ಲರು. ಇಷ್ಟು ಮುಖ್ಯವಾದ ಅವಯವದ ವಿಷಯದಲ್ಲಿ ಜನರು ತೋರುವ ಉದಾಸೀನವೂ ಅಷ್ಟೇ ದೊಡ್ಡದು. ನೋವು ಎದ್ದು ರಾತ್ರಿಯ ನಿದ್ರೆ ಕೆಟ್ಟ ಮೇಲಲ್ಲದೆ ದಂತವೈದ್ಯರ ನೆನಪು ಬಾರದು. ಆ ಹೊತ್ತಿಗೆ ಸಣ್ಣ ತೂತು ದೊಡ್ಡದಾಗಿ, ಅಲ್ಪ ವೆಚ್ಚದಲ್ಲಿ ಮುಗಿಯಬಹುದಾಗಿದ್ದ ಕೆಲಸವು ಬಡ ಸಂಸಾರಕ್ಕೆ ಹೊರೆಯಾಗುವಷ್ಟು ಬೆಳೆದಿರುತ್ತದೆ.

ಈ ಉದಾಸೀನಕ್ಕೆ ಬಡತನವೊಂದೇ ಕಾರಣವಲ್ಲ; ತಿಳಿವಳಿಕೆಯ ಕೊರತೆಯೂ ಕಾರಣ. ಆದಕಾರಣ ಹಲ್ಲಿಗೆ ಚಿಕಿತ್ಸೆ ಮಾಡುವುದರ ಜೊತೆಗೆ ಹಲ್ಲಿನ ವಿಷಯವನ್ನು ರೋಗಿಗೆ ತಿಳಿಯಹೇಳುವುದೂ ವೈದ್ಯರ ಕರ್ತವ್ಯವಾಗಿದೆ. ಇತ್ತೀಚಿನ ವರ್ಷಗಳಲ್ಲಿ ಈ ಬೋಧನಕಾರ್ಯಕ್ಕೆ ಗಣಕಯಂತ್ರ, ಸ್ಮಾರ್ಟ್‌ಫೋನ್, ಕೃತಕ ಬುದ್ಧಿಮತ್ತೆ ಮುಂತಾದ ಸಾಧನಗಳು ಒದಗಿಬಂದಿವೆ. ಅವುಗಳಿಂದ ಆಗುವ ಉಪಕಾರವೇನು, ಅಪಾಯವೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಬೋಧನೆಯ ಅಗತ್ಯ

ಬೆಂಗಳೂರಿನ ದಕ್ಷಿಣ ಭಾಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1948ರಲ್ಲಿ ರೂಪುಗೊಳ್ಳತೊಡಗಿದ ಜಯನಗರ, ಅದರ ಬೆನ್ನಿಗೆ ಬೆಳೆದ ಬನಶಂಕರಿ, ಜಯಪ್ರಕಾಶ ನಗರ, ಬೈರಸಂದ್ರ–ತಾವರೆಕೆರೆ–ಮಡಿವಾಳಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿಟಿಎಂ ಬಡಾವಣೆ, ಈ ಪ್ರದೇಶದಲ್ಲಿ ದಂತವೈದ್ಯರಿಗೆ ಕೊರತೆಯಿಲ್ಲ. ಕುಮಾರಸ್ವಾಮಿ ಬಡಾವಣೆಯಲ್ಲಿ ದಯಾನಂದ ಸಾಗರ್ ದಂತ ವಿಜ್ಞಾನ ಕಾಲೇಜು ಇದೆ. ಜಯಪ್ರಕಾಶ ನಗರದ ಒಂದನೆಯ ಹಂತದಲ್ಲಿ ಆರ್.ವಿ. ದಂತ ಮಹಾವಿದ್ಯಾಲಯವಿದೆ, ಕೃಷ್ಣರಾಜೇಂದ್ರ ರಸ್ತೆಯಲ್ಲಿ ಒಕ್ಕಲಿಗರ ಸಂಘದ ದಂತ ಕಾಲೇಜು ಇದೆ. ಖಾಸಗಿ ಚಿಕಿತ್ಸಾಲಯಗಳಂತೂ ಅಡ್ಡರಸ್ತೆಗೊಂದರಂತೆ ಕಾಣಸಿಗುತ್ತವೆ.

ವೈದ್ಯರು ಹತ್ತಿರವಿದ್ದ ಮಾತ್ರಕ್ಕೆ ವಿಷಯವು ರೋಗಿಗೆ ಹತ್ತಿರವಾಗುವುದಿಲ್ಲ. ವೈದ್ಯರು ಕಲಿತದ್ದು ಇಂಗ್ಲಿಷಿನಲ್ಲಿ. ಎದುರಿಗೆ ಕುಳಿತವರು ಕನ್ನಡದ ಹಿರಿಯರಿರಬಹುದು, ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿರಬಹುದು, ತಮಿಳು ಅಥವಾ ಬಂಗಾಳಿಯ ಹೊರತು ಬೇರೆ ಭಾಷೆಯರಿಯದವರೂ ಇರಬಹುದು. ರೋಗಿಯು ಬಾಯಿ ತೆರೆದುಕೊಂಡಿರುವುದರಿಂದ ಪ್ರಶ್ನೆ ಕೇಳಲಾರನು. ಕುರ್ಚಿಯಿಂದಿಳಿದ ಮೇಲೆ ಮುಂದಿನವನ ಸರದಿ ಬಂದಿರುತ್ತದೆ. ಹೀಗೆ ತಿಳಿಯಹೇಳಬೇಕಾದವರಿಗೆ ಸಮಯವಿಲ್ಲ, ತಿಳಿದುಕೊಳ್ಳಬೇಕಾದವರಿಗೆ ಅವಕಾಶವಿಲ್ಲ. ಈ ತೆರವನ್ನು ತುಂಬುವುದಕ್ಕಾಗಿಯೇ ಹೊಸ ಸಾಧನಗಳು ಬಂದಿರುವುದು.

ಗೋಡೆಯ ಚಿತ್ರದಿಂದ ಪರದೆಯ ಚಿತ್ರಕ್ಕೆ

ಹಿಂದೆ ದಂತವೈದ್ಯರ ಬೋಧನಸಾಧನಗಳೆಂದರೆ ಗೋಡೆಯ ಮೇಲಿನ ಬಣ್ಣದ ಪಟ, ಮೇಜಿನ ಮೇಲಿನ ದವಡೆಯ ಮಾದರಿ, ರೋಗಿಯ ಕೈಗೆ ಕೊಡುವ ಕನ್ನಡಿ, ಇಷ್ಟೆ. ಕ್ಷ-ಕಿರಣದ ಚಿತ್ರವು ಬಹುಕಾಲದಿಂದ ಬಳಕೆಯಲ್ಲಿದ್ದರೂ ಅದು ವೈದ್ಯರಿಗೆ ಮಾತ್ರ ಅರ್ಥವಾಗುವ ಕಪ್ಪುಬಿಳುಪಿನ ಲಿಪಿಯಾಗಿತ್ತು. ರಂಟ್‌ಗನ್ ಮಹಾಶಯನು ಕ್ಷ-ಕಿರಣಗಳನ್ನು ಕಂಡುಹಿಡಿದದ್ದು 1895ರಲ್ಲಿ. ಮರುವರ್ಷವೇ ಜರ್ಮನಿಯ ಒಟ್ಟೊ ವಾಲ್ಕಾಫ್ ಎಂಬ ದಂತವೈದ್ಯನು ಹಲ್ಲಿನ ಕ್ಷ-ಕಿರಣಚಿತ್ರವನ್ನು ತೆಗೆದನು. ಅದಕ್ಕಾಗಿ 25 ನಿಮಿಷಗಳ ಕಾಲ ಅಲುಗದೆ ಇರಬೇಕಾಯಿತು. ಇಂದು ಚಿಕಿತ್ಸಾಲಯಗಳಲ್ಲಿ ಆರ್‌ವಿಜಿ ಎಂದು ಕರೆಯುವ ವಿಧಾನವು 1980ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿತು. ಅದರಲ್ಲಿ ಫಿಲ್ಮಿನ ಬದಲು ಸಂವೇದಕವೊಂದು ಕಿರಣವನ್ನು ಗ್ರಹಿಸಿ, ಕೆಲವೇ ಕ್ಷಣಗಳಲ್ಲಿ ಚಿತ್ರವನ್ನು ಗಣಕಯಂತ್ರದ ಪರದೆಗೆ ಕಳುಹಿಸುತ್ತದೆ. ಕಿರಣದ ಪ್ರಮಾಣವೂ ಕಡಮೆ. ಇದರೊಂದಿಗೆ ಲೇಖನಿಯಷ್ಟು ಗಾತ್ರದ ಕ್ಯಾಮೆರಾ ಬಾಯೊಳಗೆ ಹೋಗಿ, ಕನ್ನಡಿಗೂ ಕಾಣದ ದವಡೆಹಲ್ಲಿನ ಹಿಂಬದಿಯನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸುತ್ತದೆ.

ಇದರ ಬೋಧನಶಕ್ತಿಯನ್ನು ತಿಳಿಯಲು ಒಂದು ಶಬ್ದವನ್ನು ನೋಡಿದರೆ ಸಾಕು. ಕನ್ನಡದಲ್ಲಿ ಕೆಟ್ಟ ಹಲ್ಲಿಗೆ ‘ಹುಳುಕು ಹಲ್ಲು’ ಎನ್ನುತ್ತೇವೆ. ‘ಹಲ್ಲಿಗೆ ಹುಳ ಬಿದ್ದಿದೆ’ ಎಂದೂ ಹೇಳುವುದುಂಟು. ಹುಳುವೇ ಹಲ್ಲನ್ನು ಕೊರೆಯುತ್ತದೆಂಬ ನಂಬಿಕೆ ಪ್ರಾಚೀನ ಬಾಬಿಲೋನಿಯದಲ್ಲಿಯೂ ಇತ್ತು. ಈ ನಂಬಿಕೆಯಿಂದಾಗಿ ಹುಳುವನ್ನು ಹೊಗೆ ಹಾಕಿ ಹೊರಗೆ ತೆಗೆಯುತ್ತೇವೆಂದು ಹೇಳುವವರ ಬಳಿ ಜನರು ಹೋಗುತ್ತಾರೆ. ನಿಜಸಂಗತಿಯನ್ನು 1890ರಲ್ಲಿ ವಿಲಬಿ ಮಿಲ್ಲರ್ ಎಂಬ ಅಮೆರಿಕದ ವಿದ್ವಾಂಸನು ಬರ್ಲಿನ್ನಿನಲ್ಲಿ ವಿವರಿಸಿದನು: ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಿಹಿಪದಾರ್ಥವನ್ನು ಹುಳಿಯಾಗಿಸುತ್ತವೆ, ಆ ಆಮ್ಲವು ಹಲ್ಲಿನ ಖನಿಜಾಂಶವನ್ನು ಕರಗಿಸುತ್ತದೆ. ಆಮ್ಲತೆಯನ್ನು ಅಳೆಯುವ ಪಿಎಚ್ ಮಾನವು ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಮೇಲ್ಕವಚ ಕರಗತೊಡಗುತ್ತದೆ. ಆಮೇಲೆ ಜೊಲ್ಲು ಆ ಆಮ್ಲವನ್ನು ತೊಳೆದು, ಕಳೆದ ಖನಿಜವನ್ನು ಮೆಲ್ಲಮೆಲ್ಲನೆ ಮರಳಿಸುತ್ತದೆ. ಪದೇಪದೇ ಸಿಹಿ ತಿನ್ನುವವರಿಗೆ ಈ ದುರಸ್ತಿಗೆ ಬಿಡುವೇ ಸಿಗುವುದಿಲ್ಲ. ಈ ಕರಗುವ–ಕೂಡುವ ವ್ಯಾಪಾರವನ್ನು ಬಾಯಿಮಾತಿನಲ್ಲಿ ಹೇಳಿದರೆ ಅಮೂರ್ತ. ಎರಡು ನಿಮಿಷದ ಚಲಿಸುವ ಚಿತ್ರದಲ್ಲಿ ತೋರಿಸಿದರೆ ಮೂರನೆಯ ತರಗತಿಯ ಮಗುವಿಗೂ ಅರ್ಥವಾಗುತ್ತದೆ. ‘ಹುಳುಕು’ ಎಂಬ ಶಬ್ದ ಉಳಿಯಲಿ. ಹುಳುವಿನ ಭ್ರಾಂತಿ ಅಳಿಯಲಿ.

ಯಂತ್ರವು ಹಲ್ಲನ್ನು ಓದುವ ಬಗೆ

ಇಲ್ಲಿಯವರೆಗೆ ಹೇಳಿದ ಸಾಧನಗಳು ಕಂಡದ್ದನ್ನು ತೋರಿಸುವವು. ಕೃತಕ ಬುದ್ಧಿಮತ್ತೆಯಾದರೋ ಕಂಡದ್ದನ್ನು ‘ಓದುವ’ ಸಾಧನ. ಅನುಭವಸ್ಥ ವೈದ್ಯರು ಸಾವಿರಾರು ಕ್ಷ-ಕಿರಣಚಿತ್ರಗಳ ಮೇಲೆ ಇದು ಹುಳುಕು, ಇದು ಹಳೆಯ ತುಂಬಿಕೆ, ಇಲ್ಲಿ ಮೂಳೆ ಸವೆದಿದೆ ಎಂದು ಗುರುತು ಹಾಕುತ್ತಾರೆ. ಅವುಗಳನ್ನು ಯಂತ್ರಕ್ಕೆ ಒದಗಿಸಿದಾಗ ಅದು ಆ ಗುರುತುಗಳಲ್ಲಿನ ಸಾಮ್ಯವನ್ನು ಲೆಕ್ಕಾಚಾರದಿಂದ ಹಿಡಿದುಕೊಳ್ಳುತ್ತದೆ. ಆಮೇಲೆ ಹೊಸ ಚಿತ್ರವೊಂದನ್ನು ಕೊಟ್ಟರೆ ಶಂಕಾಸ್ಪದವಾದ ಜಾಗಗಳಿಗೆ ಬಣ್ಣದ ಗೆರೆ ಹಾಕಿ ತೋರಿಸುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂತಹ ಕೆಲಸಕ್ಕೆ 2021ರಲ್ಲಿ ಓವರ್‌ಜೆಟ್ ಸಂಸ್ಥೆಯ ತಂತ್ರಾಂಶಕ್ಕೂ 2022ರಲ್ಲಿ ಪರ್ಲ್ ಸಂಸ್ಥೆಯ ತಂತ್ರಾಂಶಕ್ಕೂ ಅನುಮತಿ ನೀಡಿತು. ವೈದ್ಯರಿಗೆ ಸಹಾಯಕವಾಗಿ ನಿಲ್ಲುವುದಷ್ಟೇ ಇವುಗಳ ಕೆಲಸ, ನಿರ್ಣಯವು ವೈದ್ಯರದೇ.

ರೋಗಿಗೆ ಇದರಿಂದ ಆಗುವ ಲಾಭ ಸ್ಪಷ್ಟ. ಕಪ್ಪುಬಿಳುಪಿನ ಲಿಪಿಗೆ ಬಣ್ಣದ ಅಡಿಗೆರೆ ಬಿದ್ದಂತಾಗುತ್ತದೆ. ತನ್ನ ಹಲ್ಲಿನ ಸ್ಥಿತಿಯನ್ನು ತಾನೇ ಕಂಡವನಿಗೆ ವೈದ್ಯರ ಮಾತಿನಲ್ಲಿ ನಂಬಿಕೆ ಹುಟ್ಟುತ್ತದೆ. ಆದರೆ ಇಲ್ಲಿಯೇ ಒಂದು ಎಚ್ಚರವೂ ಬೇಕು. ಹಲ್ಲಿನ ಮೇಲ್ಕವಚದಲ್ಲಿ ಮಾತ್ರ ಇರುವ ಆರಂಭದ ಹುಳುಕನ್ನು ಕೊರೆದು ತುಂಬಲೇಬೇಕೆಂಬ ನಿಯಮವಿಲ್ಲ. ಫ್ಲೋರೈಡ್ ಲೇಪನ, ಸರಿಯಾದ ಹಲ್ಲುಜ್ಜುವಿಕೆ, ಸಿಹಿಯ ಮಿತಿ ಇವುಗಳಿಂದ ಅದನ್ನು ಅಲ್ಲಿಯೇ ನಿಲ್ಲಿಸಬಹುದು. ಪರದೆಯ ಮೇಲಿನ ಕೆಂಪು ಗೆರೆಯನ್ನು ಕಂಡು ಹೆದರಿದ ರೋಗಿಗೆ ಈ ಮಾತನ್ನು ಹೇಳದೆ ಹೋದರೆ, ಬೋಧನೆಗೆಂದು ತಂದ ಚಿತ್ರವು ವ್ಯಾಪಾರದ ಚಿತ್ರವಾಗುತ್ತದೆ. ಚಿತ್ರವೊಂದೇ ಆದರೂ ಭಯವನ್ನು ಕಳೆಯುವುದಕ್ಕೂ ಭಯವನ್ನು ಮಾರುವುದಕ್ಕೂ ಅದನ್ನು ಬಳಸಬಹುದು. ವ್ಯತ್ಯಾಸವಿರುವುದು ತೋರಿಸುವವರ ಮನಸ್ಸಿನಲ್ಲಿ.

ಮತ್ತೊಂದು ಸಂಗತಿ. ಯಂತ್ರವು ತಾನು ಕಲಿತ ಚಿತ್ರಗಳಷ್ಟನ್ನೇ ಬಲ್ಲದು. ತುಮಕೂರು ಜಿಲ್ಲೆಯ ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಬಯಲುಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶ ಹಲವೆಡೆ ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಆಧಾರವಿಲ್ಲದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂಬುದು ಭಾರತೀಯ ಮಾನಕ. ಅಂತಹ ನೀರನ್ನು ಬಾಲ್ಯದಲ್ಲಿ ಕುಡಿದು ಬೆಳೆದವರ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಬಣ್ಣದ ಕಲೆಗಳು ಉಳಿಯುತ್ತವೆ. ಅವರಲ್ಲಿ ಎಷ್ಟೋ ಮಂದಿ ಉದ್ಯೋಗನಿಮಿತ್ತ ಬನಶಂಕರಿಗೂ ಬಿಟಿಎಂ ಬಡಾವಣೆಗೂ ಬಂದು ನೆಲೆಸಿದ್ದಾರೆ. ಇಂತಹ ಹಲ್ಲನ್ನಾಗಲಿ ಎಲೆಅಡಿಕೆಯ ಕರೆ ಹಿಡಿದ ಹಲ್ಲನ್ನಾಗಲಿ ಕಾಣದೆ ಕಲಿತ ಯಂತ್ರವು ಕಲೆಯನ್ನು ರೋಗವೆಂದು ಎಣಿಸುವ ಸಂಭವವುಂಟು. ‘ಯಾವ ಊರಿನ ನೀರು ಕುಡಿದು ಬೆಳೆದಿರಿ?’ ಎಂಬ ಪ್ರಶ್ನೆಯನ್ನು ಕೇಳಬೇಕಾದವರು ವೈದ್ಯರೇ.

ಕನ್ನಡ ನಾಡಿನ ಒಂದು ಪ್ರಯತ್ನ

ಹುಳುಕು ಹಲ್ಲಿನಿಂದ ಪ್ರಾಣಕ್ಕೆ ಕುತ್ತು ಬರುವುದು ವಿರಳ. ಬಾಯಿಯ ಕ್ಯಾನ್ಸರಿನ ಮಾತು ಹಾಗಲ್ಲ. ತಂಬಾಕು, ಅಡಿಕೆಗಳ ಬಳಕೆ ಇದರ ಮುಖ್ಯ ಕಾರಣ. 2016–17ರ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇಕಡ 21.4ರಷ್ಟು ಮಂದಿ ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದರು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. ಕರ್ನಾಟಕ ಸರ್ಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಅಡಿಕೆ ಬೆಳೆಯುವ ನಾಡಿಗೆ ಇದು ಕಹಿಮಾತಾದರೂ ಮರೆಮಾಚತಕ್ಕದ್ದಲ್ಲ.

ಈ ರೋಗವು ಮೊದಲು ನೋವಿಲ್ಲದ ಬಿಳಿ ಅಥವಾ ಕೆಂಪು ಮಚ್ಚೆಯಾಗಿ, ಎರಡು ವಾರವಾದರೂ ಮಾಯದ ಹುಣ್ಣಾಗಿ, ಬಾಯಿ ಪೂರ್ತಿ ತೆರೆಯಲಾಗದ ಬಿಗಿತವಾಗಿ ಕಾಣಿಸಿಕೊಳ್ಳುತ್ತದೆ. ಆಗಲೇ ಗುರುತಿಸಿದರೆ ಗುಣವಾಗುವ ಸಂಭವ ಹೆಚ್ಚು. ಆದರೆ ನೋವಿಲ್ಲದ್ದನ್ನು ರೋಗವೆಂದು ಜನ ನಂಬುವುದಿಲ್ಲ. ಹಳ್ಳಿಗಳಲ್ಲಿ ತಜ್ಞರೂ ಇರುವುದಿಲ್ಲ. ಈ ತೊಡಕನ್ನು ನೀಗಿಸಲು ಬೆಂಗಳೂರಿನಲ್ಲಿಯೇ ಒಂದು ಪ್ರಯತ್ನ ನಡೆಯಿತು. ಕೆ.ಎಲ್.ಇ. ಸಂಸ್ಥೆಯ ದಂತ ವಿಜ್ಞಾನ ಕಾಲೇಜಿನ ಡಾ. ಪ್ರವೀಣ್ ಬಿರೂರು, ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರದ ಡಾ. ಮೋನಿ ಅಬ್ರಹಾಂ ಕುರಿಯಾಕೋಸ್ ಮೊದಲಾದವರು ಬಯೋಕಾನ್ ಪ್ರತಿಷ್ಠಾನದೊಡಗೂಡಿ, ಆರೋಗ್ಯ ಕಾರ್ಯಕರ್ತೆಯರ ಕೈಗೆ ಮೊಬೈಲ್ ಫೋನ್ ಕೊಟ್ಟು, ಅವರು ತೆಗೆದ ಬಾಯಿಯ ಚಿತ್ರಗಳನ್ನು ದೂರದ ತಜ್ಞರು ಪರೀಕ್ಷಿಸುವ ವ್ಯವಸ್ಥೆಯನ್ನು ರೂಪಿಸಿದರು. ಅದರ ಫಲಿತಾಂಶವು 2015ರಲ್ಲಿ ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಅರಿಜೋನಾ ವಿಶ್ವವಿದ್ಯಾಲಯದ ಸಹಯೋಗದಿಂದ ಫೋನಿಗೆ ಜೋಡಿಸುವ ವಿಶೇಷ ಬೆಳಕಿನ ಉಪಕರಣವೂ ಚಿತ್ರಗಳನ್ನು ವಿಂಗಡಿಸುವ ಕೃತಕ ಬುದ್ಧಿಮತ್ತೆಯೂ ಸೇರಿದವು. ಅವುಗಳ ಕ್ಷೇತ್ರಪರೀಕ್ಷೆಯ ವರದಿ 2022ರಲ್ಲಿ ಬಂದಿತು.

ಇದು ರೋಗಪತ್ತೆಯ ಪ್ರಯತ್ನವಾದರೂ ಬೋಧನೆಯ ದೃಷ್ಟಿಯಿಂದಲೂ ಗಮನಾರ್ಹವಾದುದು. ಕಾರ್ಯಕರ್ತೆಯು ತಾನು ತೆಗೆದ ಚಿತ್ರವನ್ನು ಅಲ್ಲಿಯೇ ತೋರಿಸಿ, ‘ಅಣ್ಣಾ, ಇದು ನಿನ್ನದೇ ಕೆನ್ನೆಯ ಒಳಭಾಗ, ಇಗೋ ಈ ಬಿಳಿ ಮಚ್ಚೆಯನ್ನು ವೈದ್ಯರಿಗೆ ತೋರಿಸಬೇಕು’ ಎಂದರೆ, ಆ ಮಾತಿಗಿರುವ ಬಲ ಗೋಡೆಬರಹಕ್ಕೆ ಎಲ್ಲಿಯದು? ಯಂತ್ರ ವಿಂಗಡಿಸಿತು, ತಜ್ಞರು ನಿರ್ಣಯಿಸಿದರು, ಆದರೆ ಮನವೊಲಿಸಿದ್ದು ಪರಿಚಿತ ಮುಖ ಮತ್ತು ಪರಿಚಿತ ಭಾಷೆ.

ಮಾತಿನ ತೊಡಕು

ಭಾಷೆಯ ಪ್ರಶ್ನೆ ಇಲ್ಲಿಗೆ ಬಂದಿತು. ಭಾರತ ಸರ್ಕಾರವು 2022ರಲ್ಲಿ ‘ಭಾಷಿಣಿ’ ಎಂಬ ಯೋಜನೆಯನ್ನು ಆರಂಭಿಸಿ, ಭಾರತೀಯ ಭಾಷೆಗಳ ನಡುವೆ ಬರಹವನ್ನೂ ಮಾತನ್ನೂ ಯಂತ್ರದ ಮೂಲಕ ಅನುವಾದಿಸುವ ವ್ಯವಸ್ಥೆಯನ್ನು ಒದಗಿಸಿದೆ. ಅದೇ ವರ್ಷದ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಪ್ರಶ್ನೆ ಕೇಳಿದರೆ ಉತ್ತರ ಬರೆಯುವ ಯಂತ್ರಗಳು ಮನೆಮನೆಯ ಮಾತಾದವು. ಚಿಕಿತ್ಸಾಲಯದ ಸೂಚನೆಗಳನ್ನು ಕನ್ನಡದಲ್ಲಿ ಬರೆದುಕೊಡಲು ಇವು ಖಂಡಿತವಾಗಿಯೂ ನೆರವಾಗುತ್ತವೆ. ಆದರೆ ಶಬ್ದಕ್ಕೆ ಶಬ್ದವಿಟ್ಟು ಅನುವಾದಿಸಿದರೆ ಆಗುವ ಅನರ್ಥವೂ ಅಲ್ಪವಲ್ಲ. ಇಂಗ್ಲಿಷಿನ ‘ಗಮ್’ ಎಂಬುದಕ್ಕೆ ಒಸಡು ಎಂದೂ ಅರ್ಥ, ಅಂಟು ಎಂದೂ ಅರ್ಥ. ‘ಕ್ರೌನ್’ ಎಂಬುದು ಕಿರೀಟವಾದರೆ, ‘ಬ್ರಿಜ್’ ಸೇತುವೆಯಾದರೆ, ‘ಪ್ಲಾಕ್’ ಎಂಬುದು ಫಲಕವಾದರೆ, ಮುದುಕಿಯೊಬ್ಬಳು ತನ್ನ ಬಾಯೊಳಗೆ ಏನು ನಡೆಯಲಿದೆಯೆಂದು ತಿಳಿದಾಳು? ಜನರು ‘ಹಲ್ಲಿಗೆ ಕ್ಯಾಪು ಹಾಕಿಸಿದೆ’, ‘ಹಲ್ಲು ಕಟ್ಟಿಸಿದೆ’, ‘ಹಲ್ಲಿನ ಮೇಲೆ ಪಾಚಿ ಕಟ್ಟಿದೆ’ ಎನ್ನುತ್ತಾರೆ. ರೂಟ್ ಕೆನಾಲ್ ಎಂಬುದಂತೂ ಕನ್ನಡದ ಮಾತೇ ಆಗಿದೆ. ಅದನ್ನು ‘ಬೇರಿನ ಕಾಲುವೆ’ ಎಂದು ತಿದ್ದಹೋಗುವುದು ಪಾಂಡಿತ್ಯವಲ್ಲ, ಪರಿಹಾಸ.

ತೊಡಕು ಎರಡೂ ಕಡೆಯದು. ರೋಗಿಯು ‘ತಣ್ಣೀರು ಕುಡಿದರೆ ಹಲ್ಲು ಜುಂ ಎನ್ನುತ್ತದೆ’ ಎನ್ನುವನು. ಈ ಅನುಕರಣಶಬ್ದದಲ್ಲಿ ರೋಗದ ಲಕ್ಷಣವೇ ಅಡಗಿದೆ: ಚುಚ್ಚುವ ನೋವು ಬೇರೆ, ಮಿಡಿಯುವ ನೋವು ಬೇರೆ, ಜುಂ ಎನ್ನುವುದು ಬೇರೆ. ಪುಸ್ತಕದ ಭಾಷೆಯಿಂದ ಕಲಿತ ಯಂತ್ರವು ಈ ಭೇದವನ್ನು ಹಿಡಿಯದೆ ಹೋದರೆ ಉತ್ತರವೂ ದಾರಿ ತಪ್ಪುತ್ತದೆ.

ಇದಕ್ಕಿಂತ ದೊಡ್ಡ ಅಪಾಯವೆಂದರೆ ಯಂತ್ರದ ನಿರರ್ಗಳತೆ. ಅದು ತಿಳಿದದ್ದನ್ನೂ ತಿಳಿಯದ್ದನ್ನೂ ಒಂದೇ ಧೈರ್ಯದಿಂದ, ಒಂದೇ ಸೊಗಸಿನಿಂದ ಹೇಳುತ್ತದೆ. ವಾಕ್ಯವು ವ್ಯಾಕರಣಶುದ್ಧವಾಗಿದ್ದ ಮಾತ್ರಕ್ಕೆ ವಿಷಯವು ಶುದ್ಧವಾಗದು. ಹೃದ್ರೋಗಕ್ಕೆಂದು ರಕ್ತವನ್ನು ತೆಳುವಾಗಿಸುವ ಮಾತ್ರೆ ಸೇವಿಸುವವರು ಹಲ್ಲು ಕೀಳಿಸುವ ಮೊದಲು ಅದನ್ನು ನಿಲ್ಲಿಸಬೇಕೇ ಬೇಡವೇ ಎಂಬಂತಹ ಪ್ರಶ್ನೆಗೆ ಯಂತ್ರದ ಉತ್ತರವನ್ನು ನಂಬಿ ನಡೆದರೆ ಪ್ರಾಣಕ್ಕೇ ಸಂಚಕಾರ ಬಂದೀತು. 2020ರ ಮಾರ್ಚಿನಲ್ಲಿ ಭಾರತದಲ್ಲಿ ಹೊರಟ ದೂರವೈದ್ಯದ ಮಾರ್ಗಸೂಚಿಯು ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಕೃತಕ ಬುದ್ಧಿಮತ್ತೆಯು ವೈದ್ಯರಿಗೆ ನೆರವಾಗಬಹುದು, ತಾನೇ ರೋಗಿಗೆ ಸಲಹೆ ನೀಡುವಂತಿಲ್ಲ, ಔಷಧವನ್ನು ಬರೆದುಕೊಡುವಂತಿಲ್ಲ.

ಒಪ್ಪಿಗೆ ಮತ್ತು ಗೋಪ್ಯತೆ

ರೋಗಿಗೆ ತಿಳಿಯಹೇಳುವುದು ಉಪಕಾರವಷ್ಟೇ ಅಲ್ಲ, ಕಾನೂನೂ ಹೌದು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಬೇರೆ ಮಾರ್ಗಗಳು, ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ ಇವುಗಳನ್ನು ಸಾಕಷ್ಟು ತಿಳಿಸಿದ ಮೇಲೆ ರೋಗಿ ಕೊಡುವ ಒಪ್ಪಿಗೆಯೇ ನಿಜವಾದ ಒಪ್ಪಿಗೆಯೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪು ನೀಡಿತು. ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಯ ಅಡಿಯಲ್ಲಿ ಅರ್ಥವರಿಯದೆ ಹಾಕಿದ ರುಜುವಿನಿಂದ ಆ ಆಶಯ ನೆರವೇರುವುದೆ? ಅದೇ ವಿಷಯವನ್ನು ಕನ್ನಡದ ಧ್ವನಿಯಲ್ಲಿ, ಚಿತ್ರಸಹಿತವಾಗಿ, ಬೇಕೆಂದಾಗ ಮತ್ತೊಮ್ಮೆ ಕೇಳುವಂತೆ ಫೋನಿನಲ್ಲಿ ಒದಗಿಸಿದರೆ ಅಕ್ಷರ ಬಾರದವರಿಗೂ ನ್ಯಾಯ ದೊರಕಿದಂತಾಗುತ್ತದೆ.

ಹಾಗೆಯೇ ಬಾಯಿಯ ಚಿತ್ರವು ರೋಗಿಯ ಸ್ವಂತ ಸೊತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣ ಕಾಯಿದೆಯು, ಒಬ್ಬರ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯಲಾಗುತ್ತಿದೆ ಎಂಬ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ ಓದುವ ಅವಕಾಶವಿರಬೇಕೆಂದು ವಿಧಿಸಿದೆ. ಕನ್ನಡವು ಆ ಅನುಸೂಚಿಯಲ್ಲಿದೆ. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಸಮ್ಮತಿ ಬೇಕು. ಶಾಲೆಗಳಲ್ಲಿ ದಂತತಪಾಸಣಾ ಶಿಬಿರ ನಡೆಸುವವರೂ ಅದಕ್ಕೆ ಧನಸಹಾಯ ಮಾಡುವವರೂ ಇದನ್ನು ನೆನಪಿನಲ್ಲಿಡತಕ್ಕದ್ದು.

ಪಾಠ ಒಪ್ಪಿಸುವ ಪದ್ಧತಿ

ಇಷ್ಟು ಸಾಧನಗಳಿದ್ದರೂ ಬೋಧನೆ ಸಫಲವಾಯಿತೆಂದು ತಿಳಿಯುವುದು ಹೇಗೆ? ಪಾಶ್ಚಾತ್ಯ ವೈದ್ಯಶಿಕ್ಷಣದಲ್ಲಿ ಈಗ ಒಂದು ಕ್ರಮವನ್ನು ಬಹಳವಾಗಿ ಹೇಳುತ್ತಾರೆ: ವೈದ್ಯರು ಹೇಳಿದ್ದನ್ನು ರೋಗಿಯು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಕನ್ನಡ ಶಾಲೆಯ ಉಪಾಧ್ಯಾಯರಿಗೆ ಇದು ಹೊಸದಲ್ಲ. ಇದು ಪಾಠ ಒಪ್ಪಿಸುವ ಪದ್ಧತಿಯೇ ಆಗಿದೆ. ಹಲ್ಲು ಕಿತ್ತ ಮೇಲೆ ಹತ್ತಿಯನ್ನು ಅರ್ಧಗಂಟೆಗೂ ಮಿಗಿಲಾಗಿ ಕಚ್ಚಿಹಿಡಿಯಬೇಕು. ಒಂದು ದಿನ ಜೋರಾಗಿ ಬಾಯಿ ಮುಕ್ಕಳಿಸಬಾರದು, ಉಗುಳಬಾರದು. ಆಮೇಲೆ ಬೆಚ್ಚಗಿನ ಉಪ್ಪುನೀರಿನಿಂದ ಮೆಲ್ಲನೆ ಮುಕ್ಕಳಿಸಬೇಕು. ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ. ಅದು ಕಿತ್ತುಹೋದರೆ ಮೂರನೆಯ ದಿನದ ಹೊತ್ತಿಗೆ ಅಸಹನೀಯವಾದ ನೋವು ಏಳಬಹುದು. ಈ ಸೂಚನೆಯನ್ನು ಧ್ವನಿಮುದ್ರಿಸಿ ಫೋನಿಗೆ ಕಳುಹಿಸುವುದು ಯಂತ್ರದ ಕೆಲಸ. ‘ಅಮ್ಮಾ, ಮನೆಗೆ ಹೋಗಿ ಏನು ಮಾಡುವಿರಿ, ಹೇಳಿ ನೋಡೋಣ’ ಎಂದು ಕೇಳಿ, ತಪ್ಪಿದ್ದರೆ ತಿದ್ದುವುದು ಮನುಷ್ಯರ ಕೆಲಸ.

ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮಾಡಬಹುದಾದ ಸೇವೆ ಇಲ್ಲಿಯೇ ಇದೆ. ದಂತವೈದ್ಯರಾದ ಹಳೆಯ ವಿದ್ಯಾರ್ಥಿಗಳು ವಿಷಯವನ್ನು ಒದಗಿಸಲಿ. ಯಂತ್ರವು ಅದರ ಮೊದಲ ಕರಡನ್ನು ಬರೆಯಲಿ. ಕನ್ನಡ ಶಿಕ್ಷಕರು ಅದನ್ನು ಓದಿ, ಜನರ ನಾಲಗೆಗೆ ಹೊಂದುವ ಮಾತಿಗೆ ತಿದ್ದಲಿ. ವೈದ್ಯರು ಮತ್ತೊಮ್ಮೆ ಪರಿಶೀಲಿಸಿ ಒಪ್ಪಿಗೆಯ ಮುದ್ರೆಯೊತ್ತಲಿ. ದಾನಿಗಳು ಶಿಬಿರಕ್ಕೆ ಬ್ರಷ್ಷು, ಪೇಸ್ಟು ಕೊಡುವುದರೊಂದಿಗೆ ಈ ಕಾರ್ಯಕ್ಕೂ ಸ್ವಲ್ಪ ಭಾಗವನ್ನು ಮೀಸಲಿಡಲಿ. ಶಾಲೆಯಲ್ಲಿ ಸರಿಯಾದ ತಿಳಿವಳಿಕೆ ಪಡೆದ ಮಗುವು ಮನೆಗೆ ಹೋಗಿ ಎಲೆಅಡಿಕೆಯ ಚೀಲ ಬಿಚ್ಚುವ ಅಜ್ಜನಿಗೆ ಅದನ್ನು ಒಪ್ಪಿಸುತ್ತದೆ. ಎಷ್ಟೋ ಬೋಧನೆಗಳು ಮುಟ್ಟದ ಕಡೆಗೆ ಮೊಮ್ಮಗಳ ಮಾತು ಮುಟ್ಟುತ್ತದೆ.

‘ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ’ ಎಂದು ಹಿರಿಯರು ವಿಧಿಯನ್ನು ಹಳಿದರು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ಕಡಲೆಕಾಯಿಗೆ ಬರಗಾಲವಿಲ್ಲ. ಅದನ್ನು ಎಪ್ಪತ್ತರ ವಯಸ್ಸಿನಲ್ಲಿಯೂ ಸ್ವಂತ ಹಲ್ಲಿನಿಂದ ಕಡಿದು ತಿನ್ನುವ ಭಾಗ್ಯವು ವಿಧಿಯ ಕೈಯಲ್ಲಿಲ್ಲ. ಏಳನೆಯ ವಯಸ್ಸಿನಲ್ಲಿ ಪಡೆದ ತಿಳಿವಳಿಕೆಯ ಕೈಯಲ್ಲಿದೆ.